ನಾನು ಎರಡು ಸಲ ಹತ್ತಿದ ಬೆಟ್ಟ

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಏನೇನಿದೆ ಎಂದು ಯಾರ ಮನೆಯವರನ್ನೂ ಕೇಳಬಾರದು. ನಮ್ಮದರಲ್ಲಿ ಒಂದು ವ್ಯಾಕ್ಯೂಮ್ ಕ್ಲೀನರ್, ದೀಪಾವಳಿಗೆ ತಂದು ಸಿಕ್ಕು ಬಿಡಿಸಲಾಗದೆ ಹಾಗೇ ತುರುಕಿಟ್ಟ ಸರಪಳಿ ದೀಪ, ಅರ್ಧ ಮೂಟೆ ಸೋನಾಮಸೂರಿ, ಮತ್ತು ಒಂದು ಜೊತೆ ಬೂಟು ಇದ್ದವು. ಬೂಟು ನನ್ನದು. ಒಂಬತ್ತನೇ ಸೈಜು, ಕಂದು ಬಣ್ಣ, ಕಣಕಾಲು ಮುಚ್ಚುವಷ್ಟು ಎತ್ತರ. ಅದನ್ನು ನಾನು ಮೆಟ್ಟಿದ್ದು ಒಂದೇ ಒಂದು ದಿನ.

ಹೋದ ಶನಿವಾರ ನನ್ನ ಹೆಂಡತಿ ವಿನಯಾ ಹಳೆಯ ಸಾಮಾನುಗಳನ್ನು ಚಾರಿಟಿ ಅಂಗಡಿಗೆ ಕೊಡಲು ಚೀಲಕ್ಕೆ ತುಂಬುತ್ತಿದ್ದವಳು, ಆ ಬೂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಕೊಟ್ಬಿಡ್ಲಾ?" ಎಂದಳು. "ಕೊಡು" ಎಂದೆ. ಅವಳು ಒಂದು ಕ್ಷಣ ನಿಂತಳು. ನಾನು ಇನ್ನೇನಾದರೂ ಹೇಳುತ್ತೇನೆಂದು ಕಾದಳೋ ಏನೋ. ಆಮೇಲೆ ಬೂಟು ಚೀಲಕ್ಕೆ ಹೋಯಿತು, ಚೀಲ ಕಾರಿಗೆ ಹೋಯಿತು. ಬೂಟು ಮಾತ್ರ ಅಂದಿನಿಂದ ನನ್ನ ತಲೆಯೊಳಗೆ ನಡೆಯುತ್ತಲೇ ಇದೆ. ಹೇಳಿಕೊಂಡರಾದರೂ ನಿಂತೀತು ಎಂದು ಕೂತಿದ್ದೇನೆ.

ಮೊದಲಿಗೆ ನನ್ನ ಬಗ್ಗೆ ಎರಡು ಮಾತು. ನಾನು ತುಮಕೂರಿನವನು. ಅಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಚರಿತ್ರೆ ಪಾಠ ಹೇಳುತ್ತಿದ್ದೆ. ವಿನಯಾ ಕಾರ್ಕಳದ ಕಡೆಯವಳು, ನರ್ಸು. ಪ್ರೀತಿಸಿ ಮದುವೆಯಾದೆವು. ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಾಗ ನಾನೂ ಅವಳ ಬೆನ್ನಿಗೆ ಐರ್ಲೆಂಡಿಗೆ ಬಂದೆ. ಹದಿಮೂರು ವರ್ಷವಾಯಿತು. ಇಲ್ಲಿ ಪಾಣಿಪತ್ ಯುದ್ಧ ಯಾರಿಗೂ ಬೇಕಾಗಿರಲಿಲ್ಲ. ನಾನು ಒಂದು ನರ್ಸಿಂಗ್ ಹೋಮಿನ, ಅಂದರೆ ಇಲ್ಲಿನ ವೃದ್ಧಾಶ್ರಮದ, ಅಡುಗೆಮನೆ ಸೇರಿ, ದಿನಕ್ಕೆ ನಲವತ್ತು ಜನ ಮುದುಕರಿಗೆ ಆಲೂಗಡ್ಡೆ ಬೇಯಿಸಿ ಜಜ್ಜುವ ವಿದ್ಯೆ ಕಲಿತೆ. ಕೆಲಸದ ಬಗ್ಗೆ ನನಗೆ ದೂರಿಲ್ಲ. ಮುದುಕರು ಒಳ್ಳೆಯವರು, ಉಪ್ಪು ಹೆಚ್ಚಾದರೂ "ಗ್ರ್ಯಾಂಡ್" ಅನ್ನುತ್ತಾರೆ. ದೂರು ಇದ್ದದ್ದು ನನ್ನ ಮಾವನ ಒಂದು ವಾಕ್ಯದ ಮೇಲೆ.

ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಅರವತ್ತೆಂಟು ವರ್ಷ, ಒಂದು ಚೂರು ಹೊಟ್ಟೆಯಿಲ್ಲ. ಕೊರಳಲ್ಲಿ ಇಂದಿಗೂ ಸೀಟಿ. ಊರಿನಲ್ಲಿ ಯಾರಾದರೂ ಅಳಿಯ ಏನು ಮಾಡುತ್ತಾರೆ ಎಂದು ಕೇಳಿದರೆ ಅವರು, "ಮಗಳೊಟ್ಟಿಗೆ ಇದ್ದಾರೆ" ಎಂದು ಹೇಳುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ, ಸುಳ್ಳಂತೂ ಇರಲೇ ಇಲ್ಲ. ಅದಕ್ಕೇ ಅದು ಚುಚ್ಚುತ್ತಿತ್ತು. ಒಂದು ಸಲ ವಿಡಿಯೋ ಕಾಲಿನಲ್ಲಿ ನಾವು ಇಲ್ಲಿನ ಎರಿಗಲ್ ಬೆಟ್ಟದ ಬುಡದಲ್ಲಿ ನಿಂತು ತೆಗೆಸಿಕೊಂಡ ಫೋಟೋ ನೋಡಿ ಅವರು, "ಹತ್ತಿದ್ರಾ ನೀವು?" ಎಂದು ನನ್ನನ್ನೇ ಕೇಳಿದರು. ವಿನಯಾ ಡ್ಯೂಟಿಗೆ ಹೋಗಿದ್ದಳು. ನಾನು ಹಿಂದೆಮುಂದೆ ನೋಡದೆ, "ಹೂಂ, ಎರಡು ಸಲ" ಎಂದುಬಿಟ್ಟೆ.

ಎರಡು ಸಲ ಯಾಕೆ ಎಂದು ನೀವು ಕೇಳಬಹುದು. ಒಂದು ಸಲ ಎಂದರೆ ಹೇಗಿತ್ತು, ಏನಾಯಿತು ಎಂದು ವಿವರ ಕೇಳುತ್ತಾರೆ. ಎರಡು ಸಲ ಎಂದರೆ ಅದು ಅಭ್ಯಾಸ, ಯಾರೂ ಕೇಳುವುದಿಲ್ಲ. ಮಾವ ಕೇಳಲಿಲ್ಲ. "ಭೇಷ್" ಎಂದರು. ಮದುವೆಯಾದಾಗಿನಿಂದ ಅವರ ಬಾಯಿಂದ ನನಗೆ ಸಿಕ್ಕ ಒಂದೇ ಭೇಷ್ ಅದು.

ನಿಜ ಹೇಳಬೇಕೆಂದರೆ ಬೆಟ್ಟಕ್ಕೂ ನನಗೂ ಚಿಕ್ಕಂದಿನಿಂದಲೇ ಆಗಿಬಂದದ್ದಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನಮ್ಮನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಅರ್ಧ ದಾರಿಯಲ್ಲಿ ನನಗೆ ಏದುಸಿರು ಬಂದು, ಒಂದು ಬಂಡೆಯ ನೆರಳಲ್ಲಿ ಕೂತುಬಿಟ್ಟೆ. ಮೇಷ್ಟ್ರು ಎಲ್ಲರ ಊಟದ ಚೀಲಗಳನ್ನೂ ನನ್ನ ಸುತ್ತ ಪೇರಿಸಿ, "ಕಾಯ್ತಾ ಇರು, ಕೋತಿ ಬರ್ತವೆ" ಎಂದು ಹೇಳಿ ಮೇಲೆ ಹೋದರು. ಐವತ್ತು ಮಕ್ಕಳ ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿಯ ಎಣ್ಣೆ ಸೋರಿದ ವಾಸನೆ. ಕೋತಿಗಳು ಬಂದವು. ನಾನು ಕಲ್ಲು ಬೀರಿ ಬೀರಿ ಚೀಲಗಳನ್ನು ಉಳಿಸಿದೆ. ಮೇಲಿಂದ ಗೆಳೆಯರ ಕೂಗು ಕೇಳುತ್ತಿತ್ತು. ಮನೆಗೆ ಬಂದು ಅಮ್ಮನ ಹತ್ತಿರ, ತುದಿಯಲ್ಲಿ ಗಾಳಿ ಎಷ್ಟು ಜೋರಿತ್ತು ಗೊತ್ತಾ ಎಂದು ಅರ್ಧ ಗಂಟೆ ವರ್ಣಿಸಿದ್ದೆ. ಅಮ್ಮ ನಂಬಿದ್ದಳು. ಸುಳ್ಳು ಹೇಳುವವನಿಗೆ ಮೊದಲ ಕೇಳುಗರು ಒಳ್ಳೆಯವರಾಗಿ ಸಿಗಬಾರದು.

ಕಳೆದ ವರ್ಷ ಮಾವ ಬಂದರು. ಅತ್ತೆ ತೀರಿಕೊಂಡ ಮೇಲೆ ಅವರು ಕೇಳಿಕೊಂಡದ್ದು ಒಂದೇ, ಹಿಮ ನೋಡಬೇಕು ಅಂತ. ಅದಕ್ಕೆಂದೇ ಜನವರಿಯಲ್ಲಿ ಬಂದರು. ಐದು ವಾರ ಬರೀ ಮಳೆ. ಕಾರ್ಕಳದವರಿಗೆ ಮಳೆ ತೋರಿಸಲು ಐರ್ಲೆಂಡಿಗೆ ಕರೆಸಿದ ಹಾಗಾಯಿತು. ದಿನವೂ ಬೆಳಿಗ್ಗೆ ಪರದೆ ಸರಿಸಿ ನೋಡಿ, "ಇವತ್ತೂ ಇಲ್ಲ" ಎನ್ನುತ್ತಿದ್ದರು. ಫೆಬ್ರವರಿಯಲ್ಲಿ, ಮಗಳು ದಿಯಾಳಿಗೆ ಸ್ಕೂಲಿನ ಮಿಡ್‌ಟರ್ಮ್ ರಜೆ ಇದ್ದಾಗ, ಚಳಿ ಹಠಾತ್ತನೆ ಬಿಗಿಯಿತು. ಊರಿನಲ್ಲಿ ಬರೀ ಇಬ್ಬನಿ ಗಟ್ಟಿಯಾಗಿತ್ತು, ದೂರದ ಬೆಟ್ಟಗಳೆಲ್ಲ ಬೆಳ್ಳಗಾಗಿದ್ದವು.

"ಎರಿಗಲ್ ಹತ್ತುವ. ಹೇಗೂ ಅಳಿಯಂದ್ರಿಗೆ ದಾರಿ ಗೊತ್ತುಂಟಲ್ಲ, ಎರಡು ಸಲ ಹೋದವರು" ಎಂದರು ಮಾವ, ದೋಸೆ ಮುರಿಯುತ್ತಾ.

ನಾನು ವಿನಯಾಳ ಮುಖ ನೋಡಿದೆ. ಅವಳು ಕಾವಲಿಯ ಮೇಲೆ ಹಿಟ್ಟು ಹರಡುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಸೌಟು ಅರ್ಧ ಸುತ್ತಿನಲ್ಲಿ ನಿಂತು, ಮತ್ತೆ ಸುತ್ತಿತು.

"ಇವ್ರನ್ನೇ ಕೇಳಿ ಅಪ್ಪ. ಇವ್ರು ಏನಂತಾರೆ ನೋಡಿ" ಎಂದಳು. ಅಪ್ಪ ಮನೆಯಲ್ಲಿರುವಾಗ ನಾನು 'ನೀನು' ಅಲ್ಲ, 'ಇವ್ರು'. ವರ್ಷಕ್ಕೊಮ್ಮೆ ಬರುವ ಹಬ್ಬದ ಬಟ್ಟೆಯಂತೆ ಆ ಬಹುವಚನ.

ಆಗ ಹೇಳಬಹುದಿತ್ತು. ದೋಸೆಯ ಮುಂದೆ ಕೂತು, ಇಲ್ಲ ಮಾವ, ಬುಡದಲ್ಲಿ ಚಹಾ ಕುಡಿದು ಬಂದವನು ನಾನು ಎಂದು ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು "ಹೋಗೋಣ, ಅದಕ್ಕೇನು" ಎಂದೆ. ಅದೇ ಸಂಜೆ ಹೋಗಿ ಬೂಟು ತಂದೆ. ಎರಡು ಸಲ ಹತ್ತಿದವನ ಬೂಟು ಹೊಸದಾಗಿದ್ದರೆ ಹೇಗೆ ಎಂದು ಹಿತ್ತಲಿನ ಕೆಸರಿನಲ್ಲಿ ಒಂದು ಸುತ್ತು ಉಜ್ಜಿದೆ. ನಲವತ್ತಾರು ವರ್ಷದ ಗಂಡಸು, ಟಾರ್ಚ್ ಹಿಡಿದು, ಬೂಟಿಗೆ ಕೆಸರು ಬಳಿಯುವುದು. ನೀವು ನಗಬಹುದು. ನಾನೂ ಆಗ ಒಳಗೊಳಗೇ ನಕ್ಕಿದ್ದೆ.

ಮರುದಿನ ಹನ್ನೊಂದಕ್ಕೆ ಬೆಟ್ಟದ ಬುಡ ತಲುಪಿದೆವು. ಕಾರ್ ಪಾರ್ಕಿನಲ್ಲಿ ನಾಲ್ಕೈದು ಕಾರುಗಳಿದ್ದವು. ಎರಿಗಲ್ ದೂರದಿಂದ ನೋಡಿದರೆ ಮಕ್ಕಳು ಬಿಡಿಸುವ ಬೆಟ್ಟದ ಹಾಗೆ, ಎರಡು ಗೆರೆ, ಒಂದು ತುದಿ. ಹತ್ತಿರ ಹೋದಾಗ ಗೆರೆ ಕಾಣಿಸುವುದಿಲ್ಲ, ಬರೀ ಮೈ. ಅಂದು ಆಕಾಶ ನೀಲಿಯಾಗಿತ್ತು. ಹನ್ನೆರಡು ವರ್ಷದ ದಿಯಾ ಕಾರಿನಿಂದ ಇಳಿದವಳೇ, "ಅಜ್ಜಾ, ಲುಕ್!" ಎಂದು ಕೂಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ನಮ್ಮ ಈ ಡೊನೆಗಾಲ್ ಜಿಲ್ಲೆಯ ರಾಗದ ಇಂಗ್ಲಿಷಿನಲ್ಲಿ. ಮಾವ ಬಗ್ಗಿ ಒಂದು ಹಿಡಿ ಹಿಮ ತೆಗೆದು, ಮೂಸಿ, ನಾಲಿಗೆಗೆ ತಾಗಿಸಿ, "ಏನೂ ರುಚಿ ಇಲ್ಲ ಮಾರಾಯ್ತಿ" ಎಂದು ಮಗುವಿನ ಹಾಗೆ ನಕ್ಕರು. ಅತ್ತೆ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ದಾರಿ ತೋರಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ನಮಗಿಂತ ಮೊದಲು ಹೋದವರ ಹೆಜ್ಜೆಗಳಿದ್ದವು. ನಾನು ಮುಂದೆ ನಡೆಯುತ್ತಾ, ಹೆಜ್ಜೆಗುರುತು ಎಡಕ್ಕೆ ಹೊರಳಿದ್ದನ್ನು ಕಣ್ಣಂಚಿನಲ್ಲಿ ನೋಡಿಕೊಂಡು, "ಇಲ್ಲಿಂದ ಎಡಕ್ಕೆ ತಿರುಗುತ್ತೆ ನೋಡಿ" ಎಂದು ಘೋಷಿಸುತ್ತಿದ್ದೆ. ತಪ್ಪದೆ ತಿರುಗುತ್ತಿತ್ತು. ಮಾವ ಹಿಂದಿನಿಂದ "ಸರಿ, ಸರಿ" ಎನ್ನುತ್ತಿದ್ದರು. ಕೆಳಗಿನ ಜೌಗು ದಾಟಿ ಕಡಿದಾದ ಏರು ಶುರುವಾದಾಗ ನನ್ನ ಎದೆ ಒಡೆದುಹೋಗುವ ಹಾಗಿತ್ತು. ಆದರೂ ನಿಂತಾಗಲೆಲ್ಲ ಸುತ್ತಲ ದೃಶ್ಯಕ್ಕೆ ಕೈ ಚಾಚಿ, ಆ ಕೆರೆ ನೋಡಿ, ಈ ಕಣಿವೆ ನೋಡಿ ಎಂದು ಏದುಸಿರನ್ನು ಪ್ರವಾಸಿ ವಿವರಣೆಯಾಗಿ ಮಾರಿದೆ. ಹಿಮದ ಕೆಳಗೆ ಬೆಟ್ಟದ ಮೈಯೆಲ್ಲ ಸಡಿಲ ಕಲ್ಲು. ಹೆಜ್ಜೆ ಇಟ್ಟರೆ ಒಂದು ಅಡಿ ಮೇಲೆ, ಅರ್ಧ ಅಡಿ ಕೆಳಗೆ. ದಿಯಾ ಮೇಕೆಮರಿಯ ಹಾಗೆ ಓಡಾಡುತ್ತಿದ್ದಳು. ಮಾವ ಒಂದೇ ಲಯದಲ್ಲಿ, ಬೆವರಿಲ್ಲದೆ, ಡ್ರಿಲ್ ಮಾಡುವ ಹಾಗೆ ಹತ್ತುತ್ತಿದ್ದರು. ವಿನಯಾ ಎಲ್ಲರಿಗಿಂತ ಹಿಂದೆ ಇದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ತಿರುಗಿ ನೋಡುವಷ್ಟು ಉಸಿರಿರಲಿಲ್ಲ.

ಒಂದೂವರೆಯ ಹೊತ್ತಿಗೆ ಒಂದು ದೊಡ್ಡ ಕಲ್ಲುಗುಡ್ಡೆ ಸಿಕ್ಕಿತು. ಯಾರೋ ಪೇರಿಸಿದ ಕಲ್ಲುಗಳು, ಮೇಲೆ ಹಿಮದ ಟೋಪಿ. ಅದೇ ಹೊತ್ತಿಗೆ ಮಂಜು ಇಳಿದು ಸುತ್ತಲೂ ಬಿಳಿ ಗೋಡೆ ಕಟ್ಟಿತು. ಮೇಲೆ ಏನೂ ಕಾಣುತ್ತಿರಲಿಲ್ಲ. ಏನೂ ಕಾಣದಿದ್ದರೆ ಏನೂ ಇಲ್ಲ ಎಂದೇ ನನ್ನ ಕಾಲುಗಳು ನಂಬಿದವು.

"ಬಂತು! ಇದೇ ತುದಿ" ಎಂದೆ.

"ಇದಾ?" ಎಂದರು ಮಾವ. ಅವರ ಕಣ್ಣು ಕಲ್ಲುಗುಡ್ಡೆಯ ಆಚೆ ಮಂಜಿನೊಳಗೆ ಹೋಗಿದ್ದ ಹೆಜ್ಜೆಗಳ ಮೇಲಿತ್ತು. "ಮತ್ತೆ ಇವು ಎಲ್ಲಿಗೆ ಹೋಗ್ತವೆ?"

"ಆ ಕಡೆಯಿಂದ ಇಳಿಯೋರು ಅವ್ರು" ಎಂದೆ. ನಾಲಿಗೆ ಒಮ್ಮೆಯೂ ತೊದಲಲಿಲ್ಲ.

ಅವರು ಆ ಹೆಜ್ಜೆಗಳಿಂದ ಕಣ್ಣು ತೆಗೆದು, "ಹಾಗಾದ್ರೆ ಒಂದು ಫೋಟೋ ತೆಗೀರಿ" ಎಂದರು. ಕಲ್ಲುಗುಡ್ಡೆಯ ಮೇಲೆ ಅಂಗೈ ಊರಿ, ಸೆಟೆದು ನಿಂತರು. ನಾನು ಫೋಟೋ ತೆಗೆದೆ. ಚಪಾತಿ ರೋಲು ತಿಂದೆವು, ಕೈಗವಸು ತೆಗೆದರೆ ಬೆರಳು ಕಡಿಯುವ ಚಳಿ. ವಿನಯಾ ಎರಡು ತುತ್ತು ತಿಂದು, "ಇಳಿಯೋಣ. ಮಂಜು ದಪ್ಪ ಆಗ್ತಾ ಇದೆ. ನಿಮ್ಗೆ ದಾರಿ ಸರಿಯಾಗಿ ಗೊತ್ತು ತಾನೇ?" ಎಂದು ಕೇಳಿದಳು. 'ಸರಿಯಾಗಿ' ಎಂಬುದನ್ನು ಒತ್ತಿ ಹೇಳಿದಳು. ನೇರ ಕಣ್ಣಿಗೆ ಕಣ್ಣಿಟ್ಟು.

"ಗೊತ್ತಿಲ್ದೆ ಏನು?" ಎಂದೆ.

ನಾವು ಕೂತಿದ್ದ ಇಪ್ಪತ್ತು ನಿಮಿಷದಲ್ಲಿ ಗಾಳಿ ಹೆಜ್ಜೆಗಳನ್ನೆಲ್ಲ ಅಳಿಸಿಹಾಕಿತ್ತು. ಹತ್ತುವಾಗ ನನ್ನನ್ನು ಮೇಧಾವಿ ಮಾಡಿದ್ದ ಗುರುತುಗಳು ಇಳಿಯುವಾಗ ಇರಲಿಲ್ಲ. ಕೆಳಗೆ ಹೋದರೆ ಕೆಳಗೇ ಮುಟ್ಟುತ್ತೇವಲ್ಲ ಎಂಬ ಧೈರ್ಯದಲ್ಲಿ ಹೊರಟೆ. ಹತ್ತು ನಿಮಿಷ ಇಳಿದಿರಬೇಕು. ಇಳಿಜಾರು ಕಡಿದಾಗುತ್ತಾ ಬಂತು. ಹಿಮ ಮೇಲೆ ಗಟ್ಟಿ, ಗಾಜಿನ ಹಾಗೆ.

ದಿಯಾ ನನ್ನ ಜಾಕೆಟ್ ಎಳೆದಳು. "ಡ್ಯಾಡ್, ದಿಸ್ ಇಸಂಟ್ ದ ವೇ ವಿ ಕೇಮ್ ಅಪ್."

"ಇದು ಶಾರ್ಟ್‌ಕಟ್ ಪುಟ್ಟಾ."

"ಆರ್ ಯು ಶೂರ್?"

"ಎರಡು ಸಲ ಬಂದಿದೀನಲ್ಲ, ನಂಗೊತ್ತಿಲ್ವಾ?"

ಅವಳು "ಓಕೆ" ಎಂದಳು. ಅಷ್ಟೇ. ಅಪ್ಪ ಹೇಳಿದ ಮೇಲೆ ಮುಗಿಯಿತು. ನನ್ನನ್ನು ದಾಟಿ ಒಂದು ಹೆಜ್ಜೆ ಮುಂದೆ ಇಟ್ಟಳು, ಎರಡನೆಯದು ಇಟ್ಟಳು, ಮೂರನೆಯದಕ್ಕೆ ನೆಲ ಸಿಗಲಿಲ್ಲ.

ಕೂಗಲಿಲ್ಲ ಅವಳು. ಬಟ್ಟೆ ಹರಿದಂಥ ಒಂದು ಸದ್ದು, ನೀಲಿ ಜಾಕೆಟ್ ಮಂಜಿನೊಳಗೆ ಜಾರಿಹೋಯಿತು. ಆಮೇಲೆ ಕೆಳಗೆಲ್ಲೋ ಕಲ್ಲಿಗೆ ಏನೋ ಬಡಿದ ಸದ್ದು. ಆಮೇಲೆ ಏನೂ ಇಲ್ಲ.

ನಾನು ಏನು ಮಾಡಿದೆ ಎಂದು ಹೇಳಬೇಕು, ಅದನ್ನು ಹೇಳಲೆಂದೇ ಇಷ್ಟೆಲ್ಲ. ಎರಡು ಹೆಜ್ಜೆ ಇಟ್ಟೆ. ನನ್ನ ಕಾಲೂ ಜಾರಿತು. ಪಕ್ಕದ ಬಂಡೆ ತಬ್ಬಿ ಕೂತೆ. ಕೂತವನಿಗೆ ಏಳಲಾಗಲಿಲ್ಲ. "ದಿಯಾ" ಎಂದು ಕೂಗಿದ್ದು ವಿನಯಾ. ಕೆಳಗಿಂದ ಬಹಳ ಹೊತ್ತಿನ ಮೇಲೆ "ಮಾಮ್" ಎಂಬ ಸಣ್ಣ ದನಿ ಬಂತು. ಬಹಳ ಹೊತ್ತು ಎಂದರೆ ಎಷ್ಟೋ, ಗಡಿಯಾರದಲ್ಲಿ ಐದು ಸೆಕೆಂಡು ಇದ್ದೀತು.

ಮಾವ ನನ್ನ ಹತ್ತಿರ ಬಂದರು. ಬಯ್ಯಲಿಲ್ಲ. ತಮ್ಮ ಬೆನ್ನ ಚೀಲ ಬಿಚ್ಚಿ ನನ್ನ ಪಕ್ಕ ಇಟ್ಟು, ವಿನಯಾಳ ಚೀಲವನ್ನೂ ಇಡಿಸಿ, "ನೀವು ಇಲ್ಲೇ ಕೂತ್ಕೊಳ್ಳಿ. ಅಲ್ಲಾಡ್ಬೇಡಿ. ಚೀಲ ನೋಡ್ಕೊಳ್ಳಿ" ಎಂದರು. ಹೆದರಿದ ವಿದ್ಯಾರ್ಥಿಯ ಜೊತೆ ಮಾತಾಡುವ ದನಿ ಅದು, ಬಹಳ ಮೃದು. ಆಮೇಲೆ ಆ ಅರವತ್ತೆಂಟರ ಮುದುಕ ಬೆಟ್ಟಕ್ಕೆ ಮುಖ ಮಾಡಿ, ಬೂಟಿನ ಮೊನೆಯಿಂದ ಹಿಮವನ್ನು ಒದ್ದು ಒದ್ದು ಮೆಟ್ಟಿಲು ಮಾಡುತ್ತಾ ಇಳಿದರು. ಅವರು ಮಾಡಿದ ಒಂದೊಂದು ಮೆಟ್ಟಿಲಿನಲ್ಲೂ ಕಾಲಿಡುತ್ತಾ ವಿನಯಾ ಇಳಿದಳು. ಇಬ್ಬರೂ ಮಂಜಿನಲ್ಲಿ ಕರಗಿದರು.

ಮಂಜಿನಲ್ಲಿ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಹತ್ತಿರದ್ದು ದೂರ, ದೂರದ್ದು ಕಿವಿಯ ಪಕ್ಕ. ಅವರು ನನಗಿಂತ ಮೂವತ್ತು ನಲವತ್ತು ಅಡಿ ಕೆಳಗಿದ್ದರು, ಪಕ್ಕದ ಕೋಣೆಯಲ್ಲಿ ಮಾತಾಡಿದಂತೆ ಕೇಳುತ್ತಿತ್ತು. ವಿನಯಾ ಡ್ಯೂಟಿಯ ದನಿಯಲ್ಲಿ, ಬೆರಳು ಅಲ್ಲಾಡಿಸು, ಇಲ್ಲಿ ಮುಟ್ಟಿದ್ರೆ ನೋವಾ, ನಿನ್ನ ಹೆಸರು ಹೇಳು ಎನ್ನುತ್ತಿದ್ದಳು. ದಿಯಾ ಬಿಕ್ಕುತ್ತಾ ಉತ್ತರಿಸುತ್ತಿದ್ದಳು. ಎಡ ಮಣಿಕಟ್ಟು ಮುರಿದಿದೆ, ಹುಬ್ಬು ಸೀಳಿದೆ, ತಲೆಗೆ ಪೆಟ್ಟಿಲ್ಲ ಎಂದು ಗೊತ್ತಾಯಿತು. ನಾನು ಬಂಡೆ ತಬ್ಬಿಕೊಂಡೇ ಅತ್ತೆ. ಆಮೇಲೆ ಮಾವನ ದನಿ, ಸಣ್ಣದಾಗಿ.

"ಅಳಿಯಂದ್ರಿಗೆ ದಾರಿ ಗೊತ್ತಿಲ್ಲ ಮಗಾ. ಅವ್ರು ಇಲ್ಲಿಗೆ ಬಂದವ್ರೇ ಅಲ್ಲ."

"ಗೊತ್ತುಂಟು ಅಪ್ಪ."

"ಯಾವಾಗಿಂದ?"

"ಮೊದ್ಲಿಂದ."

ಅಷ್ಟೇ ಮಾತು. ನಂತರ ಮಾವ ಸೀಟಿ ಊದತೊಡಗಿದರು. ಆರು ಸಲ ಊದುವುದು, ನಿಲ್ಲಿಸುವುದು, ಮತ್ತೆ ಆರು ಸಲ. ಸಹಾಯ ಕೇಳುವ ಸಂಕೇತ ಅದು, ಸ್ಕೌಟಿನಲ್ಲಿ ಕಲಿಸುತ್ತಿದ್ದರಂತೆ. ಊದಿ ಊದಿ ಅರ್ಧ ಗಂಟೆ ಆಗಿರಬೇಕು, ನನ್ನ ಬಲಗಡೆಯಿಂದ ಮೊದಲು ಒಂದು ನಾಯಿ ಬಂತು, ಅದರ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಹಿಮದಲ್ಲಿ ಜಾರದಂತೆ ಬೂಟಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿದ್ದಳು. ತನ್ನ ಹೆಸರು ಬ್ರೀಜ್ ಎಂದಳು. ನನ್ನನ್ನು ನೋಡಿ, ಕೆಳಗೆ ನೋಡಿ, ಏನೂ ಕೇಳದೆ, "ಯು ಆರ್ ಗ್ರ್ಯಾಂಡ್, ಯು ಆರ್ ಗ್ರ್ಯಾಂಡ್" ಎಂದು ನನ್ನ ಭುಜ ತಟ್ಟಿದಳು.

ಈ ಗ್ರ್ಯಾಂಡ್ ಎಂಬ ಮಾತಿನ ಬಗ್ಗೆ ಒಂದು ಪ್ರಬಂಧವನ್ನೇ ಬರೆಯಬಹುದು. ನಮ್ಮಲ್ಲಿ ಮದುವೆ ಗ್ರ್ಯಾಂಡ್ ಆಗುತ್ತದೆ, ರೇಷ್ಮೆ ಸೀರೆ ಗ್ರ್ಯಾಂಡ್ ಆಗಿರುತ್ತದೆ. ಇಲ್ಲಿ ಚಹಾ ಗ್ರ್ಯಾಂಡ್, ಮಳೆ ನಿಂತರೆ ಗ್ರ್ಯಾಂಡ್, ಮಗುವನ್ನು ಕಮರಿಗೆ ಇಳಿಸಿ ಬಂಡೆ ತಬ್ಬಿ ಕೂತವನೂ ಗ್ರ್ಯಾಂಡ್. ಅಷ್ಟು ಸಲೀಸಾಗಿ ಸಿಗುವ ಕ್ಷಮೆಯನ್ನು ಇಟ್ಟುಕೊಳ್ಳುವುದು ಎಲ್ಲಿ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಬ್ರೀಜ್ ಹಗ್ಗ ಬಿಟ್ಟಳು. ಮಾವ ಕೆಳಗಿಂದ ತಳ್ಳಿ, ಅವಳು ಮೇಲಿಂದ ಹಿಡಿದು ದಿಯಾಳನ್ನು ಹತ್ತಿಸಿದರು. ವಿನಯಾಳ ಸ್ಕಾರ್ಫು ದಿಯಾಳ ಕೊರಳಿನಿಂದ ತೋಳಿಗೆ ಜೋಲಿಯಾಗಿತ್ತು, ಅದರ ಮೇಲೆ ಹುಬ್ಬಿನ ರಕ್ತ ಹನಿದಿತ್ತು. ನನ್ನ ಪಕ್ಕ ಬಂದಾಗ ಮಗಳು ನನ್ನನ್ನು ನೋಡಲಿಲ್ಲ. ಸಿಟ್ಟಿಗಲ್ಲ ಅದು, ನೋವಿಗೆ ಕಣ್ಣು ಮುಚ್ಚಿದ್ದಳು ಎಂದು ನಾನು ನನಗೆ ಹೇಳಿಕೊಂಡೆ. ಸರಿಯಾದ ದಾರಿ ಬಲಗಡೆಗೆ ಮುನ್ನೂರು ಹೆಜ್ಜೆ ದೂರದಲ್ಲಿತ್ತು.

ಇಳಿಯುತ್ತಾ ಬ್ರೀಜ್ ದಿಯಾಳ ಮನಸ್ಸು ಬೇರೆ ಕಡೆ ತಿರುಗಿಸಲು ಮಾತಾಡಿಸುತ್ತಿದ್ದಳು. ತುದಿಯವರೆಗೂ ಹೋದಿರಾ ಎಂದು ಕೇಳಿದಳು. ಹೌದು, ಕಲ್ಲುಗುಡ್ಡೆಯ ಹತ್ತಿರ ಫೋಟೋ ತೆಗೆದೆವು ಎಂದಳು ದಿಯಾ. ಅಯ್ಯೋ ಇಲ್ಲ ಕಂದಾ, ಅದು ಬರೀ ಗುರುತಿನ ಕಲ್ಲು, ತುದಿ ಅಲ್ಲಿಂದ ಇನ್ನೂ ಬಹಳ ಮೇಲಿದೆ ಎಂದು ಬ್ರೀಜ್ ನಕ್ಕಳು. ಆಮೇಲೆ ಬರೀ ಐದು ಜನರ ಬೂಟಿನ ಸದ್ದು, ನಾಯಿಯ ಉಸಿರು.

ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ಹುಬ್ಬಿಗೆ ನಾಲ್ಕು ಹೊಲಿಗೆ. ವಿನಯಾ ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ರೋಗಿಯ ತಾಯಿಯಾಗಿ ಕೂತಿದ್ದಳು. ಪರಿಚಯದ ನರ್ಸುಗಳು ಬಂದು ಹೇಗಾಯಿತು ಎಂದು ಕೇಳಿದಾಗಲೆಲ್ಲ, "ಜಾರಿದ್ಲು, ಹಿಮ ಅಲ್ವಾ" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕ್ರಿಯಾಪದಕ್ಕೆ ಕರ್ತೃ ಹಿಮವೇ ಆಗಿತ್ತು. ನಾನು ಕಾಫಿ ಯಂತ್ರದ ಪಕ್ಕ ನಿಂತಿದ್ದೆ.

ಮಾವ ಇನ್ನೂ ಮೂರು ವಾರ ಇದ್ದರು. ಆ ಮೂರು ವಾರ ನಾನು ಕಾದದ್ದು ಬೈಗುಳಕ್ಕೆ. ಬರಲಿಲ್ಲ. ಒಂದು ಬೆಳಿಗ್ಗೆ ಅವರು ಊರಿನ ಗೆಳೆಯರೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಮೆಟ್ಟಿಲು ಇಳಿಯುತ್ತಿದ್ದೆ. "ಹೌದು ಮಾರಾಯ್ರೆ, ಮೊಳಕಾಲುದ್ದ ಹಿಮ! ನಮ್ಮ ಅಳಿಯಂದ್ರೇ ಕರ್ಕೊಂಡು ಹೋದದ್ದು. ತುದಿವರೆಗೂ ಹತ್ತಿದೆವು. ಫೋಟೋ ಕಳಿಸ್ತೇನೆ ನೋಡಿ" ಎನ್ನುತ್ತಿದ್ದರು. ನನ್ನನ್ನು ನೋಡಿ ಕೈಯೆತ್ತಿ ಮುಗುಳ್ನಕ್ಕರು. ಜೀವಮಾನದಲ್ಲಿ ಸುಳ್ಳು ಹೇಳದ ಮನುಷ್ಯ ನನ್ನ ಸುಳ್ಳನ್ನು ಹೆಗಲಿಗೆ ಹಾಕಿಕೊಂಡಿದ್ದರು. ಕೆನ್ನೆಗೆ ಎರಡು ಬಿಟ್ಟಿದ್ದರೆ ನನಗೆ ಅದಕ್ಕಿಂತ ಹಿತವಾಗುತ್ತಿತ್ತು.

ಡಬ್ಲಿನ್ನಿನ ಬಸ್ಸಿಗೆ ಬಿಡಲು ಹೋದಾಗ, ವಿನಯಾ ಟಿಕೆಟ್ಟು ತೋರಿಸಲು ಅತ್ತ ಹೋದ ಎರಡು ನಿಮಿಷದಲ್ಲಿ, ನಾನು "ಮಾವ, ಆವತ್ತು ನಾನು..." ಎಂದು ಶುರುಮಾಡಿದೆ.

"ಬಿಡಿ, ಬಿಡಿ. ಮಗು ಉಳೀತಲ್ಲ" ಎಂದು ನನ್ನ ಮೊಣಕೈ ಹಿಡಿದರು. ಆಮೇಲೆ ಬಸ್ಸಿನ ಕಡೆ ತಿರುಗಿ, "ನಂಗೆ ಆ ಹಿಮ ಸಾಕಾಗಿತ್ತು. ಕಾರ್ ಪಾರ್ಕಿಂದು" ಎಂದರು.

ಅವರು ಹೋದ ಮೇಲೆ ಮನೆಯಲ್ಲಿ ನಾನು ಮತ್ತೆ ಏಕವಚನಕ್ಕೆ ಇಳಿದೆ. ಒಂದು ಮಧ್ಯಾಹ್ನ ದಿಯಾ ಸ್ಕೂಲಿನಲ್ಲಿದ್ದಳು, ಇಬ್ಬರಿಗೂ ರಜೆ. ವಿನಯಾ ಮೇಜಿನ ಮೇಲೆ ಕೊತ್ತಂಬರಿ ಬಿಡಿಸುತ್ತಿದ್ದಳು. ಕೇಳಿಯೇಬಿಟ್ಟೆ.

"ನಾನು ಯಾವತ್ತೂ ಹತ್ತಿಲ್ಲ ಅಂತ ನಿಂಗೆ ಗೊತ್ತಿತ್ತು."

"ಹೂಂ."

"ಹೆಂಗೆ?"

"ನಿನ್ನ ಜೊತೆ ಹದಿನಾರು ವರ್ಷ ಸಂಸಾರ ಮಾಡಿದೀನಿ. ಮೂರನೇ ಫ್ಲೋರಿಗೂ ಲಿಫ್ಟ್ ಹುಡುಕ್ತೀಯ" ಎಂದಳು. ನಗಲಿಲ್ಲ.

"ಗೊತ್ತಿದ್ದೂ ಸುಮ್ನಿದ್ಯಾ?"

ಅವಳು ಕಡ್ಡಿ ಕಡ್ಡಿಯಾಗಿ ಬಿಡಿಸುತ್ತಲೇ ಇದ್ದಳು. "ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ. ದೋಸೆ ತಿನ್ನೋವಾಗ ಹೇಳ್ತೀಯ ಅಂದ್ಕೊಂಡೆ. ಕಾರ್ ಪಾರ್ಕಲ್ಲಿ ಹೇಳ್ತೀಯ ಅಂದ್ಕೊಂಡೆ. ಆ ಕಲ್ಲಿನ ಹತ್ರ ನಾನೇ ಕೇಳ್ದೆ ಕೂಡ."

"ನೀನಾದ್ರೂ ಹೇಳ್ಬಹುದಿತ್ತಲ್ಲ, ವಾಪಸ್ ಹೋಗೋಣ ಅಂತ?"

"ಅಪ್ಪನ ಎದುರಿಗೆ?" ಕೈ ನಿಂತಿತು. "ಮದ್ವೆ ಆದಾಗಿಂದ ಅಪ್ಪನ ಎದುರಿಗೆ ನಿನ್ನ ಮರ್ಯಾದೆ ಕಾಯ್ಕೊಂಡು ಬಂದಿದೀನಿ. ಅಭ್ಯಾಸ ಆಗ್ಬಿಟ್ಟಿದೆ. ಆವತ್ತೂ ಅದನ್ನೇ ಕಾಯ್ತಾ ಇದ್ದೆ, ಮಗು ಬೀಳೋವರೆಗೂ. ನರ್ಸ್ ನಾನು. ತಾಯಿ. ಗಾಜಿನ ಥರ ಹಿಮ ಕಣ್ಣಿಗೆ ಕಾಣ್ತಿತ್ತು."

"ನನ್ನ ಮೇಲೆ ಸಿಟ್ಟು ಮಾಡ್ಕೋ. ಬೈದ್ಬಿಡು."

"ನಿನ್ನ ಮೇಲೆ ಸಿಟ್ಟಿಲ್ಲ ನಂಗೆ" ಎಂದಳು. "ನನ್ನ ಮೇಲೆ."

ಇದನ್ನು ಬರೆಯುವಾಗಲೂ ಆ ವಾಕ್ಯ ಎದುರಿಗೆ ಕೂತಿದೆ. ಸಿಟ್ಟು ಮಾಡಿಕೊಳ್ಳಲು ಎದುರಿನವನಿಂದ ಏನಾದರೂ ನಿರೀಕ್ಷೆ ಇರಬೇಕು. ಅವಳು ನನ್ನನ್ನು ಹಿಮದ ಸಾಲಿಗೆ, ಮಂಜಿನ ಸಾಲಿಗೆ ಸೇರಿಸಿಟ್ಟಿದ್ದಳು. ಅವುಗಳ ಮೇಲೆ ಯಾರು ಸಿಟ್ಟಾಗುತ್ತಾರೆ? ಎಚ್ಚರವಾಗಿರಬೇಕು, ಅಷ್ಟೇ. ಕೊತ್ತಂಬರಿ ಸೊಪ್ಪನ್ನು ತೊಳೆದು ಡಬ್ಬಿಗೆ ಹಾಕಿ, ಸಾರಿಗೆ ಬೇಳೆ ಇಡ್ಲಾ ಎಂದು ಕೇಳಿದಳು. ಇಡು ಎಂದೆ.

ಹೀಗೆಂದು ನಮ್ಮ ಮನೆ ಮುರಿದಿದೆ ಎಂದು ನೀವು ತಿಳಿಯಬೇಡಿ. ಊಟ, ನಗು, ಕರೆಂಟು ಬಿಲ್ಲು ಎಲ್ಲ ನಡೆದಿದೆ. ದಿಯಾಳ ಮಣಿಕಟ್ಟು ಚೆನ್ನಾಗಿ ಕೂಡಿಕೊಂಡಿತು, ಮತ್ತೆ ಕ್ಯಾಮೋಗಿ ಆಡುತ್ತಾಳೆ, ಕೋಲು ಹಿಡಿದು ಓಡುವ ಈ ದೇಶದ ಆಟ. ಹುಬ್ಬಿನಲ್ಲಿ ಒಂದು ಬಿಳಿ ಗೆರೆ ಉಳಿದಿದೆ, ಅಲ್ಲಿ ಕೂದಲು ಬೆಳೆಯುವುದಿಲ್ಲ. ಆ ದಿನದ ಬಗ್ಗೆ ಅವಳು ನನ್ನನ್ನು ಏನೂ ಕೇಳಿಲ್ಲ. ಮೊನ್ನೆ ಬುಧವಾರ ಅವಳನ್ನು ಪ್ರಾಕ್ಟೀಸಿನಿಂದ ಕರೆದುಕೊಂಡು ಬರುತ್ತಿದ್ದೆ. ನಾಲ್ಕೂವರೆಗೇ ಕತ್ತಲು ಕವಿಯುವ ದಿನಗಳು. ಮುಖ್ಯರಸ್ತೆಯಲ್ಲಿ ಕೆಲಸ ನಡೆಯುತ್ತಿದ್ದುದರಿಂದ ನಾನು ಚರ್ಚಿನ ಪಕ್ಕದ ರಸ್ತೆಗೆ ಕಾರು ತಿರುಗಿಸಿದೆ. ಹದಿಮೂರು ವರ್ಷದಿಂದ ಓಡಾಡುವ ಊರು, ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರಬಲ್ಲೆ.

ಹಿಂದಿನ ಸೀಟು ಮೆಲ್ಲಗೆ ಬೆಳ್ಳಗಾಯಿತು. ಕನ್ನಡಿಯಲ್ಲಿ ನೋಡಿದೆ. ಅವಳ ಮುಖದ ಮೇಲೆ ಫೋನಿನ ಬೆಳಕು, ಬೆರಳಲ್ಲಿ ನಕ್ಷೆಯನ್ನು ಹಿಗ್ಗಿಸುತ್ತಿದ್ದಳು.

"ಮನೆಗೇ ಹೋಗ್ತಾ ಇರೋದು ಪುಟ್ಟಾ" ಎಂದೆ.

"ಐ ನೋ, ಡ್ಯಾಡ್. ಯು ಆರ್ ಗ್ರ್ಯಾಂಡ್" ಎಂದಳು, ಬಹಳ ಪ್ರೀತಿಯಿಂದ. ಮನೆಯ ಗೇಟು ಕಾಣುವವರೆಗೂ ಫೋನು ಆರಿಸಲಿಲ್ಲ.